ಡೀಪ್ ಕ್ಲೀನಿಂಗ್: 6 ಮಿಮೀ ಪಾಕೆಟ್ ಇದ್ದರೆ ಯಾವ ಹಲ್ಲಿಗೆ, ಹೇಗೆ, ಆಮೇಲೆ ಏನು ಅಳೆಯಬೇಕು?

ಬೇರುಮಟ್ಟ (ಪ್ರಶ್ನೆ)

ಒಸಡಿನ ಚಾರ್ಟ್ ಮುಂದಿಟ್ಟುಕೊಂಡು ಕೇಳ್ತಿದ್ದೇನೆ. ಅದರ ಅಂಕಿಗಳು ಪಾಕೆಟ್, ಅಂದರೆ ಹಲ್ಲು-ಒಸಡಿನ ನಡುವಿನ ಗುಂಡಿ, ಎಷ್ಟು ಮಿಮೀ ಆಳ ಅನ್ನೋದು. ಕೆಳ ಬಲಗಡೆಯ ಮೊದಲ ದೊಡ್ಡ ದವಡೆ ಹಲ್ಲಿಗೆ ಕೆನ್ನೆ ಕಡೆ 5-3-6, ನಾಲಿಗೆ ಕಡೆ 4-4-6. ಅದರ ಹಿಂದಿನ ಹಲ್ಲಿಗೆ 5-3-5. ಮೇಲಿನ ದವಡೆ ಹಲ್ಲುಗಳಲ್ಲಿ ಅಲ್ಲಲ್ಲಿ 5. ಮುಂದಿನ ಹಲ್ಲುಗಳಲ್ಲೆಲ್ಲ 2, 3. ಕೆಳಗಿನ ಮುಂಬಲ್ಲುಗಳ ಒಳಬದಿಗೆ ಕಿಟ್ಟ ಗಟ್ಟಿಯಾಗಿ ಕಟ್ಟಿದೆ, ಮುಟ್ಟಿದರೆ ರಕ್ತ ಬರುತ್ತದೆ. ಚಾರ್ಟ್ ಕೆಳಗೆ "ಇಡೀ ಬಾಯಿಗೆ ಸ್ಕೇಲಿಂಗ್ ಮತ್ತು ರೂಟ್ ಪ್ಲೇನಿಂಗ್" (ಡೀಪ್ ಕ್ಲೀನಿಂಗ್: ಕಿಟ್ಟ ತೆಗೆದು ಒಸಡಿನ ಕೆಳಗಿನ ಬೇರನ್ನು ಕೆರೆಯೋದು) ಎಂದು ಬರೆದಿದೆ.

ಕೇಳಬೇಕಾದದ್ದು ಇಷ್ಟು. 2-3 ಮಿಮೀ ಇರುವ ಹಲ್ಲಿನ ಬೇರನ್ನೂ ಕೆರೆಯಬೇಕಾ? ಒಂದೇ ದಿನ ಮುಗಿಸೋದು ಒಳ್ಳೇದಾ, ಭಾಗ ಮಾಡೋದಾ? ಇದರಿಂದ ಹಲ್ಲು ಸಡಿಲ ಆಗುತ್ತೆ, ಸಂದಿ ಬೀಳುತ್ತೆ ಅನ್ನೋದು ನಿಜವಾ? ಲೇಸರ್, ಪಾಕೆಟ್ ಒಳಗೆ ಹಾಕುವ ಜೆಲ್ ಇವೆಲ್ಲ ಬೇಕಾ? ಕೊನೆಯದಾಗಿ, ಕೆಲಸ ಸರಿಯಾಗಿ ಆಗಿದೆ ಅಂತ ಗೊತ್ತಾಗೋದು ಹೇಗೆ?

---

ಒಸಡುಗಾವಲು

ಮೊದಲನೆಯ ಪ್ರಶ್ನೆಯೇ ಮುಖ್ಯವಾದದ್ದು. ಉತ್ತರ: ಬೇಡ. 1ರಿಂದ 3 ಮಿಮೀ ಎಂಬುದು ಆರೋಗ್ಯವಂತ ಒಸಡಿನ ಸಹಜ ಆಳ. ಅಲ್ಲಿ ಒಸಡಿನ ಮೇಲಿನ ಕಿಟ್ಟ ತೆಗೆದು ಪಾಲಿಶ್ ಮಾಡಿದರೆ ಸಾಕು. ಕ್ಯುರೆಟ್ (ಬೇರು ಕೆರೆಯುವ ಅಲಗಿನ ಕೈ ಉಪಕರಣ) ಒಳಗೆ ಇಳಿಸಿ ಬೇರು ಕೆರೆದರೆ ಲಾಭವಿಲ್ಲ, ನಷ್ಟವಿದೆ. ಸುಮಾರು 2.9 ಮಿಮೀಗಿಂತ ಕಡಿಮೆ ಆಳದ ಜಾಗದಲ್ಲಿ ರೂಟ್ ಪ್ಲೇನಿಂಗ್ ಮಾಡಿದರೆ ಒಸಡಿನ ಅಂಟು (ಒಸಡು ಹಲ್ಲಿಗೆ ಹಿಡಿದುಕೊಂಡಿರುವ ಭಾಗ) ಸರಾಸರಿಯಲ್ಲಿ ಕಳೆದುಹೋಗುತ್ತದೆ ಎಂದು 1982ರಲ್ಲೇ ಅಳೆದು ತೋರಿಸಿದ್ದಾರೆ. ಅದಕ್ಕಿಂತ ಆಳವಿದ್ದರೆ ಅಂಟು ಮರಳಿ ಸಿಗುತ್ತದೆ. ಆದ್ದರಿಂದ "ಇಡೀ ಬಾಯಿಗೆ" ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳದೆ, "ಯಾವ ಹಲ್ಲಿನ ಯಾವ ಬದಿಗೆ?" ಎಂದು ಕೇಳಿ. ಚಾರ್ಟ್ ಇರುವುದೇ ಅದಕ್ಕೆ.

ಚಾರ್ಟ್ ಓದುವ ಬಗೆಯನ್ನೂ ಹೇಳಿಬಿಡುತ್ತೇನೆ. ಪ್ರತಿ ಹಲ್ಲಿಗೆ ಆರು ಜಾಗ: ಹೊರಗೆ ಮೂರು, ಒಳಗೆ ಮೂರು. ಪ್ರೋಬ್ ಎಂಬ ಗುರುತು ಹಾಕಿದ ಸಣ್ಣ ಕಡ್ಡಿಯನ್ನು 20-25 ಗ್ರಾಂ ತೂಕದಷ್ಟೇ ಒತ್ತಡದಲ್ಲಿ ಇಳಿಸುತ್ತಾರೆ. ಉಗುರಿನ ಬುಡಕ್ಕೆ ನೋವಾಗದಂತೆ ಒತ್ತುವಷ್ಟು. ಜೋರಾಗಿ ಒತ್ತಿದರೆ ಊದಿಕೊಂಡ ಒಸಡಿನ ತಳವನ್ನೇ ದಾಟಿ ಹೋಗಿ 5 ಇರುವುದು 6 ಎಂದು ಬರುತ್ತದೆ. ಹಾಗಾಗಿ ಒಂದು ಮಿಮೀ ವ್ಯತ್ಯಾಸಕ್ಕೆ ಹಿಗ್ಗಬೇಡಿ, ಕುಗ್ಗಲೂಬೇಡಿ.

ಎರಡನೆಯದು, ಆಳದ ಅಂಕಿ ಒಂದೇ ಸಾಲದು. ಒಸಡು ಊದಿ ಹಲ್ಲಿನ ಮೇಲೆ 2 ಮಿಮೀ ಏರಿ ಕೂತಿದ್ದರೆ 6ರಲ್ಲಿ ನಿಜವಾಗಿ ಕಳೆದುಕೊಂಡ ಅಂಟು 4 ಮಿಮೀ. ಒಸಡು 2 ಮಿಮೀ ಕೆಳಗೆ ಸರಿದು ಬೇರು ಕಾಣುತ್ತಿದ್ದರೆ ಅದೇ 6ರ ಅರ್ಥ 8 ಮಿಮೀ ನಷ್ಟ. ಚಾರ್ಟ್‌ನಲ್ಲಿ ಒಸಡು ಎಷ್ಟು ಸರಿದಿದೆ ಎಂಬ ಸಾಲು, ರಕ್ತ ಬಂದ ಜಾಗದ ಚುಕ್ಕೆ, ಹಲ್ಲು ಅಲುಗಾಡುವ ಮಟ್ಟ, ಬೇರು ಕವಲೊಡೆಯುವ ಜಾಗ ತೆರೆದಿದೆಯೇ ಎಂಬುದು, ಜೊತೆಗೆ ಮೂಳೆ ಕಾಣುವ ಎಕ್ಸ್‌ರೇ ಇರಬೇಕು. ಇವು ಇಲ್ಲದೆ, ಬರೇ ಕಣ್ಣಲ್ಲಿ ನೋಡಿ "ಡೀಪ್ ಕ್ಲೀನಿಂಗ್ ಮಾಡಿಸಿ" ಎಂದರೆ ಒಪ್ಪಬೇಡಿ. ಆರಂಭದ ಅಂಕಿ ಬರೆದಿಡದಿದ್ದರೆ ಮುಗಿದ ಮೇಲೆ ಸುಧಾರಿಸಿತೋ ಇಲ್ಲವೋ ಎಂದು ಯಾರೂ ಹೇಳಲಾರರು.

ಇನ್ನೊಂದು ಎಚ್ಚರ. ಬಾಯಲ್ಲೆಲ್ಲ 2-3 ಇದ್ದು, ಒಂದೇ ಹಲ್ಲಿನ ಒಂದೇ ಜಾಗದಲ್ಲಿ 8-9 ಮಿಮೀ ಇಕ್ಕಟ್ಟಾದ ಗುಂಡಿ ಸಿಕ್ಕರೆ ಅದು ಸಾಮಾನ್ಯ ಒಸಡು ರೋಗ ಅಲ್ಲದಿರಬಹುದು. ಬೇರು ಉದ್ದಕ್ಕೆ ಸೀಳಿರಬಹುದು, ಇಲ್ಲವೇ ಹಲ್ಲಿನ ನರ ಸತ್ತು ಕೀವು ಆ ದಾರಿಯಲ್ಲಿ ಹೊರಬರುತ್ತಿರಬಹುದು. ಅಂಥ ಹಲ್ಲಿಗೆ ಮೊದಲು ನರ ಜೀವಂತವಿದೆಯೇ ಎಂಬ ಪರೀಕ್ಷೆ, ಕೆರೆಯುವುದು ಆಮೇಲೆ. ನಿಮ್ಮ ಚಾರ್ಟ್ ಹಾಗಿಲ್ಲ. ಹಿಂದಿನ ಹಲ್ಲುಗಳ ನಡುವಿನ ಸಂದಿಗಳಲ್ಲೇ 5, 6 ಬಂದಿದೆ. ಬ್ರಷ್ ಮುಟ್ಟದ ಜಾಗ ಅದೇ.

---

ಮೊನಚು ಅಲಗು

ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ಕೆಲಸ ನಡೆಯುವ ಬಗೆಯನ್ನು ನಾನು ಬರೆಯುತ್ತೇನೆ, ಏಕೆಂದರೆ ಕುರ್ಚಿಯಲ್ಲಿ ಕೂತವರಿಗೆ ಏನಾಗ್ತಿದೆ ಅಂತ ಗೊತ್ತಿದ್ದರೆ ಅವಸರದ ಕೆಲಸವನ್ನು ಗುರುತಿಸಬಹುದು.

ಒಸಡಿನ ಮೇಲೆ ಕಟ್ಟುವ ಕಿಟ್ಟ ಹಳದಿ-ಬಿಳಿ, ಖನಿಜ ಬರೋದು ಜೊಲ್ಲಿನಿಂದ. ಅದಕ್ಕೇ ಜೊಲ್ಲಿನ ನಾಳ ತೆರೆಯುವ ಕಡೆ, ಅಂದರೆ ಕೆಳ ಮುಂಬಲ್ಲಿನ ಒಳಬದಿ ಮತ್ತು ಮೇಲಿನ ದವಡೆ ಹಲ್ಲಿನ ಕೆನ್ನೆ ಬದಿಯಲ್ಲಿ ಹೆಚ್ಚು. ಒಸಡಿನ ಒಳಗಿನ ಕಿಟ್ಟ ಬೇರೆ. ಪಾಕೆಟ್‌ನಲ್ಲಿ ಒಸರುವ ದ್ರವದಿಂದ ಖನಿಜ ಪಡೆದು, ರಕ್ತದ ಬಣ್ಣ ಹೀರಿ ಕಪ್ಪಾಗಿ, ಬೇರಿನ ಸಣ್ಣ ಸಣ್ಣ ಕುಳಿಗಳಿಗೆ ಕಚ್ಚಿಕೊಂಡು ಕೂತಿರುತ್ತೆ. ಮೇಲಿನದನ್ನು ತೆಗೆಯೋದು ಹತ್ತಾರು ನಿಮಿಷದ ಕೆಲಸ. ಒಳಗಿನದು ಕಾಣದ ಜಾಗದಲ್ಲಿ ಬೆರಳ ಸ್ಪರ್ಶದಿಂದ ಮಾಡುವ ಕೆಲಸ.

ಮೊದಲು ಮರಗಟ್ಟಿಸೋದು. ಸಾಮಾನ್ಯವಾಗಿ 2% ಲಿಗ್ನೋಕೇನ್, ಅಡ್ರಿನಾಲಿನ್ ಬೆರೆತದ್ದು. ಕೆಳ ದವಡೆ ಹಿಂಭಾಗಕ್ಕೆ ನರದ ಬುಡದಲ್ಲೇ ಬ್ಲಾಕ್ ಕೊಡ್ತಾರೆ, ಮೇಲಿನ ದವಡೆಗೆ ಆಯಾ ಹಲ್ಲಿನ ಪಕ್ಕ ಸಣ್ಣ ಚುಚ್ಚು ಸಾಕು. 5-6 ಮಿಮೀ ಪಾಕೆಟ್‌ಗೆ "ಇಂಜೆಕ್ಷನ್ ಬೇಡ, ಸಹಿಸ್ಕೋತೀನಿ" ಅನ್ನಬೇಡಿ. ಸಹಿಸಿಕೊಳ್ಳುವ ಬಾಯಲ್ಲಿ ಕೈ ತಳಕ್ಕೆ ಇಳಿಯೋದಿಲ್ಲ, ತಳದ ಕಿಟ್ಟ ಅಲ್ಲೇ ಉಳಿಯುತ್ತೆ.

ಆಮೇಲೆ ಅಲ್ಟ್ರಾಸಾನಿಕ್ ಸ್ಕೇಲರ್, ಅಂದರೆ ಅದುರುವ ತುದಿಯಿಂದ ಕಿಟ್ಟ ತೆಗೆಯುವ ಯಂತ್ರ. ಪೀಜೋ, ಮ್ಯಾಗ್ನೆಟೋಸ್ಟ್ರಿಕ್ಟಿವ್ ಎಂಬ ಎರಡು ಬಗೆಯಲ್ಲಿ ಯಾವುದೇ ಆಗಲಿ, ತುದಿ ಸೆಕೆಂಡಿಗೆ ಸುಮಾರು 18,000ದಿಂದ 50,000 ಸಲ ಅದುರುತ್ತೆ. ತುದಿಯ ಪಕ್ಕವನ್ನು ಬೇರಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ, 15 ಡಿಗ್ರಿ ಮೀರದಂತೆ ತಾಗಿಸಿ ಗರಿ ಸವರಿದಷ್ಟು ಹಗುರವಾಗಿ ಆಡಿಸಬೇಕು. ಚೂಪು ತುದಿಯನ್ನೇ ಬೇರಿಗೆ ನೆಟ್ಟರೆ ಗೀರು ಬೀಳುತ್ತೆ. ಒತ್ತಿ ಹಿಡಿದರೆ ಅದುರುವಿಕೆಯೇ ನಿಂತುಹೋಗುತ್ತೆ. ನೀರು ಧಾರಾಳವಾಗಿ ಹರಿಯಬೇಕು, ಇಲ್ಲದಿದ್ದರೆ ತುದಿ ಕಾಯುತ್ತೆ. ತುದಿ 1 ಮಿಮೀ ಸವೆದರೆ ಶಕ್ತಿ ಕಾಲುಭಾಗ, 2 ಮಿಮೀ ಸವೆದರೆ ಅರ್ಧ ಹೋಗುತ್ತೆ. ಸವೆದ ತುದಿಯಿಂದ ಒತ್ತಿ ಒತ್ತಿ ಮಾಡುವ ಕೆಲಸವೇ ನೋವಿಗೂ ಗೀರಿಗೂ ಕಾರಣ.

ಉಳಿದದ್ದಕ್ಕೆ ಕೈ ಉಪಕರಣ. ಗ್ರೇಸಿ ಎಂಬ ಬಗೆಯ ಕ್ಯುರೆಟ್‌ಗಳಲ್ಲಿ ಮುಂದಿನ ಹಲ್ಲಿಗೆ 5/6 ನಂಬರಿನದು, ಹಿಂದಿನ ಹಲ್ಲಿನ ಹೊರ-ಒಳ ಬದಿಗೆ 7/8, ಹಿಂದಿನ ಹಲ್ಲಿನ ಮುಂಬದಿಯ ಸಂದಿಗೆ 11/12, ಹಿಂಬದಿಯ ಸಂದಿಗೆ 13/14. ನಿಮ್ಮ 5-3-6ರಲ್ಲಿ 3ಕ್ಕೆ ಏನೂ ಬೇಡ, ಎರಡು ತುದಿಗಳಿಗೆ 11/12 ಮತ್ತು 13/14. ಅಲಗಿನ ಮುಖವನ್ನು ಬೇರಿಗೆ ಒರಗಿಸಿ ತಳದವರೆಗೆ ಇಳಿಸಬೇಕು, ಅಲ್ಲಿ 70-80 ಡಿಗ್ರಿಗೆ ತೆರೆದು 2-3 ಮಿಮೀ ಉದ್ದದ ಸಣ್ಣ ಎಳೆತಗಳಲ್ಲಿ ಹೊರಕ್ಕೆ ಎಳೆಯಬೇಕು. ಎಳೆತವೇ ಹೊರತು ತಳ್ಳುವುದಿಲ್ಲ. ತಳ್ಳಿದರೆ ಕಿಟ್ಟದ ಚೂರು ಒಸಡಿನೊಳಗೆ ಹೂತುಹೋಗುತ್ತೆ.

ಹೆಚ್ಚು ಕೆಡೋದು ಇಲ್ಲಿ: ಅಲಗು ಮೊಂಡಾಗಿದ್ದರೆ ಅಥವಾ ಕೋನ ಕಡಿಮೆಯಾದರೆ ಕಿಟ್ಟ ಬುಡಸಮೇತ ಬರೋದಿಲ್ಲ, ಮೇಲ್ಮೈ ಮಾತ್ರ ಸವೆದು ನುಣುಪಾಗುತ್ತೆ. ಆಮೇಲೆ ಎಕ್ಸ್‌ಪ್ಲೋರರ್ (ತಡಕಿ ನೋಡುವ ಚೂಪು ಕಡ್ಡಿ) ಆಡಿಸಿದರೂ ಬೇರಿನಂತೆಯೇ ಭಾಸವಾಗುತ್ತೆ, ಬ್ಯಾಕ್ಟೀರಿಯಾ ಮಾತ್ರ ಹಾಗೇ ಇರುತ್ತೆ. ಕಿಟ್ಟವನ್ನು ಪದರಪದರವಾಗಿ ಹೆರೆಯಬಾರದು, ಅಂಚಿಗೆ ಅಲಗು ಕೊಟ್ಟು ಚಕ್ಕೆಯಾಗಿ ಎಬ್ಬಿಸಬೇಕು. ಬೇರನ್ನು ಗಾಜಿನಂತೆ ನುಣುಪು ಮಾಡುವವರೆಗೂ ಬಿಡಬಾರದು.

---

ಸಿಮೆಂಟಮ್

ಕೊನೆಯ ವಾಕ್ಯಕ್ಕೆ ತಕರಾರಿದೆ. "ಗಾಜಿನಂಥ ನುಣುಪು" ಹಳೆಯ ಗುರಿ. ಬ್ಯಾಕ್ಟೀರಿಯಾದ ವಿಷ ಬೇರನ್ನು ಹೊದ್ದಿರುವ ಸಿಮೆಂಟಮ್ ಪದರದೊಳಗೆ ಆಳವಾಗಿ ಇಳಿದಿದೆ, ಆ ಪದರವನ್ನೇ ಹೆರೆದು ತೆಗೆಯಬೇಕು ಎಂಬ ನಂಬಿಕೆಯ ಕಾಲದ್ದು. 1980ರ ದಶಕದ ಪ್ರಯೋಗಗಳಲ್ಲೇ ಆ ವಿಷ ಮೇಲ್ಮೈಗೆ ಸಡಿಲವಾಗಿ ಅಂಟಿರುತ್ತದೆ, ತೊಳೆದು ಬ್ರಷ್ ಮಾಡಿದರೂ ಬಹುಪಾಲು ಹೋಗುತ್ತದೆ ಎಂದು ಗೊತ್ತಾಗಿದೆ. ಹಲ್ಲಿನ ಕುತ್ತಿಗೆಯ ಬಳಿ ಸಿಮೆಂಟಮ್ ದಪ್ಪ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಹತ್ತಾರು ಬಲವಾದ ಎಳೆತ ಹಾಕಿದರೆ ಅದು ಮುಗಿದು ಅದರ ಕೆಳಗಿನ ಡೆಂಟಿನ್ ಪದರ ತೆರೆದುಕೊಳ್ಳುತ್ತದೆ, ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆ. ಕಿಟ್ಟ ಹೋಗಬೇಕು, ಬ್ಯಾಕ್ಟೀರಿಯಾದ ಪದರ ಚದುರಬೇಕು, ಬೇರು ಉಳಿಯಬೇಕು. ಯುರೋಪಿನ ಒಸಡು ತಜ್ಞರ ಒಕ್ಕೂಟದ 2020ರ ಮಾರ್ಗಸೂಚಿ "ರೂಟ್ ಪ್ಲೇನಿಂಗ್" ಬದಲು "ಒಸಡಿನ ಕೆಳಗಿನ ಇನ್‌ಸ್ಟ್ರುಮೆಂಟೇಶನ್" ಎಂಬ ಪದ ಬಳಸುವುದೂ ಇದೇ ದಿಕ್ಕಿನ ಮಾತು.

ಲೇಸರ್ ವಿಚಾರ: ಅದೇ ಮಾರ್ಗಸೂಚಿ ಸ್ಕೇಲಿಂಗ್ ಜೊತೆಗೆ ಹೆಚ್ಚುವರಿಯಾಗಿ ಲೇಸರ್ ಬಳಸುವುದು ಬೇಡ ಎನ್ನುತ್ತದೆ. ಪಾಕೆಟ್ ಒಳಗೆ ಇಡುವ ಔಷಧಿಗಳು (2.5 ಮಿಗ್ರಾಂ ಕ್ಲೋರ್‌ಹೆಕ್ಸಿಡಿನ್ ಚಿಪ್, ಮಿನೋಸೈಕ್ಲಿನ್ ಕಣಗಳು, ಡಾಕ್ಸಿಸೈಕ್ಲಿನ್ ಜೆಲ್) ಆಯ್ದ ಜಾಗಕ್ಕೆ ಪರಿಗಣಿಸಬಹುದು, ಲಾಭ ಸಣ್ಣದು. ಮರು-ಅಳತೆಯಲ್ಲೂ 5 ಮಿಮೀ ಮೇಲೆ ಉಳಿದು ರಕ್ತ ಬರುವ ಒಂದೆರಡು ಜಾಗಕ್ಕೆ ಹಾಕಿದರೆ ಅರ್ಥವಿದೆ. ಮೊದಲ ದಿನವೇ ಎಲ್ಲ ಪಾಕೆಟ್‌ಗೂ ತುಂಬುವುದಕ್ಕಿಲ್ಲ. ಕಿಟ್ಟದ ಮೇಲೆ ಹಾಕಿದ ಜೆಲ್ ಕಿಟ್ಟವನ್ನು ಕರಗಿಸುವುದಿಲ್ಲ. ಅಮಾಕ್ಸಿಸಿಲಿನ್-ಮೆಟ್ರೋನಿಡಜೋಲ್ ಮಾತ್ರೆ ಎಲ್ಲರಿಗೂ ಬರೆಯುವಂಥದ್ದಲ್ಲ. ಚಿಕ್ಕ ವಯಸ್ಸಿನಲ್ಲೇ ವೇಗವಾಗಿ ಮೂಳೆ ಕಳೆದುಕೊಳ್ಳುತ್ತಿರುವವರಂಥ ಕೆಲವರಿಗೆ ಮಾತ್ರ, ಅದೂ ಕಿಟ್ಟ ತೆಗೆದ ಮೇಲೆ.

---

ಮೊನಚು ಅಲಗು

ತಕರಾರು ಸರಿ, ಒಪ್ಪಿದೆ. "ಗಾಜಿನಂತೆ" ಬಿಡಿ. ಎಕ್ಸ್‌ಪ್ಲೋರರ್ ತುದಿಗೆ ಮುಳ್ಳು, ಮೆಟ್ಟಿಲು ಏನೂ ಸಿಗದಿದ್ದರೆ ಅಲ್ಲಿಗೆ ನಿಲ್ಲಿಸಬೇಕು.

ಎಷ್ಟು ಭೇಟಿ ಅನ್ನೋದಕ್ಕೆ: 24 ಗಂಟೆಯೊಳಗೆ ಇಡೀ ಬಾಯಿ ಮುಗಿಸುವ ಪದ್ಧತಿಯೂ ಇದೆ, ಬಾಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದರಂತೆ ಮಾಡುವ ಪದ್ಧತಿಯೂ ಇದೆ. ಮೊದಲನೆಯದರ ಹಿಂದಿನ ಯೋಚನೆ, ಮಾಡದೆ ಉಳಿದ ಭಾಗದಿಂದ ಬ್ಯಾಕ್ಟೀರಿಯಾ ಮಾಡಿದ ಭಾಗಕ್ಕೆ ದಾಟದಿರಲಿ ಅಂತ. ಹೋಲಿಸಿ ನೋಡಿದಾಗ ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಕ್ಕಿಲ್ಲ. ನನ್ನ ಅಭಿಪ್ರಾಯದಲ್ಲಿ ಬಲಗಡೆ ಮೇಲೆ-ಕೆಳಗೆ ಒಂದು ದಿನ, ಎಡಗಡೆ ಇನ್ನೊಂದು ದಿನ ಒಳ್ಳೇದು: ಊಟ ಅಗಿಯೋಕೆ ಒಂದು ಪಕ್ಕ ಉಳಿಯುತ್ತೆ, ನಾಲಿಗೆಯ ಎರಡೂ ಬದಿ ಒಟ್ಟಿಗೆ ಮರಗಟ್ಟೋದಿಲ್ಲ. ಕಾಲುಭಾಗದ ಬಾಯಲ್ಲಿ ಐದಾರು ಹಲ್ಲಿಗೆ ಪಾಕೆಟ್ ಇದ್ದರೆ 45 ನಿಮಿಷದಿಂದ ಒಂದು ಗಂಟೆ ಬೇಕು. ಅಷ್ಟು ಪಾಕೆಟ್ ಇರುವ ಇಡೀ ಬಾಯಿ ಅರ್ಧ ಗಂಟೆಯಲ್ಲಿ ಮುಗಿದಿದ್ದರೆ ಆಳದ ಕೆಲಸ ಆಗಿಲ್ಲ.

---

ಒಸಡುಗಾವಲು

ಸಡಿಲ ಮತ್ತು ಸಂದಿಯ ಪ್ರಶ್ನೆ ಉಳಿದಿದೆ. ಇದರ ಭಯದಿಂದಲೇ ಎಷ್ಟೋ ಜನ ಚಿಕಿತ್ಸೆ ಮುಂದೂಡಿ ಕೊನೆಗೆ ಹಲ್ಲನ್ನೇ ಕಳೆದುಕೊಳ್ಳುತ್ತಾರೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಹಲ್ಲನ್ನು ಸಡಿಲ ಮಾಡಿದ್ದು ಮೂಳೆ ಕರಗಿದ್ದು. ಕಿಟ್ಟ ಅಕ್ಕಪಕ್ಕದ ಹಲ್ಲುಗಳನ್ನು ಸೇತುವೆಯಂತೆ ಹಿಡಿದಿಟ್ಟಿತ್ತು, ತೆಗೆದಾಗ ಇದ್ದ ಸಡಿಲ ಬಯಲಾಯಿತು. ಮೊದಲ ವಾರ ತುಸು ಹೆಚ್ಚು ಅಲುಗಾಡಿದಂತೆ ಅನಿಸಬಹುದು. ಉರಿಯೂತ ಇಳಿದು ನಾರುಗಳು ಬಿಗಿಯಾದಂತೆ ಸಾಮಾನ್ಯವಾಗಿ ಮೊದಲಿಗಿಂತ ಗಟ್ಟಿಯಾಗುತ್ತದೆ. ಕೆಳ ಮುಂಬಲ್ಲುಗಳಲ್ಲಿ ಮೂಳೆ ತೀರಾ ಹೋಗಿದ್ದರೆ ಕೆಲಸಕ್ಕೆ ಮುಂಚೆಯೇ ತಂತಿ ಮತ್ತು ಕಾಂಪೋಸಿಟ್‌ನಿಂದ ಒಟ್ಟಿಗೆ ಕಟ್ಟುವುದು ಸೂಕ್ತ.

ಸಂದಿ ಮಾತ್ರ ನಿಜವೇ. ಊದಿದ್ದ ಒಸಡು ಇಳಿದಾಗ ಹಲ್ಲುಗಳ ನಡುವೆ ಕಪ್ಪು ತ್ರಿಕೋನ ಕಾಣುತ್ತದೆ. ಹಲ್ಲು-ಹಲ್ಲು ತಾಗುವ ಬಿಂದುವಿನಿಂದ ಮೂಳೆಯ ಅಂಚಿಗೆ 5 ಮಿಮೀ ಅಥವಾ ಕಡಿಮೆ ಇದ್ದರೆ ಒಸಡಿನ ತ್ರಿಕೋನ ಬಹುತೇಕ ತುಂಬಿಯೇ ಇರುತ್ತದೆ. 7 ಮಿಮೀಗೆ ಹೋದರೆ ಹೆಚ್ಚಿನ ಕಡೆ ತುಂಬುವುದಿಲ್ಲ. ಇದನ್ನು ಮುಂಚೆಯೇ ಎಕ್ಸ್‌ರೇ ನೋಡಿ ಹೇಳಬಹುದು, ಹೇಳಿಸಿಕೊಳ್ಳಿ.

ಫಲಿತಾಂಶದ ನಿರೀಕ್ಷೆಗೆ ಬಂದರೆ, 4-6 ಮಿಮೀ ಪಾಕೆಟ್ ಸರಾಸರಿ 1 ಮಿಮೀಗಿಂತ ತುಸು ಹೆಚ್ಚು, 7 ಮಿಮೀ ಮೇಲಿನದು ಸುಮಾರು 2 ಮಿಮೀ ಕಡಿಮೆಯಾಗುತ್ತದೆ. ಇದರಲ್ಲಿ ಒಂದು ಪಾಲು ಒಸಡು ಕೆಳಗಿಳಿದದ್ದು, ಇನ್ನೊಂದು ಪಾಲು ಒಳಗೆ ಉದ್ದನೆಯ ಹೊಸ ಚರ್ಮದ ಪದರ ಬೇರಿಗೆ ಅಂಟಿದ್ದು. ಕರಗಿದ ಮೂಳೆ ಇದರಿಂದ ಮರಳಿ ಬೆಳೆಯುತ್ತದೆ ಎಂದು ಕಾಯಬೇಡಿ. ನಿಮ್ಮ 5ಗಳು 3-4ಕ್ಕೆ ಬರಬಹುದು. 6 ಇರುವ ಜಾಗ 4-5ರಲ್ಲಿ ನಿಲ್ಲಬಹುದು.

ಯಾವಾಗ ಅಳೆಯಬೇಕು? 4 ವಾರಕ್ಕೆ ಮುಂಚೆ ಬೇಡವೇ ಬೇಡ. ಹೊಸದಾಗಿ ಅಂಟುತ್ತಿರುವುದನ್ನು ಪ್ರೋಬ್ ಕಿತ್ತುಹಾಕುತ್ತದೆ. 6ರಿಂದ 12 ವಾರದ ನಡುವೆ ಅದೇ ಆರು ಜಾಗಗಳನ್ನು ಮತ್ತೆ ಅಳೆಯಬೇಕು. 4 ಮಿಮೀ ಅಥವಾ ಕಡಿಮೆ, ಪ್ರೋಬ್ ತಾಗಿದರೆ ರಕ್ತವಿಲ್ಲ: ಆ ಜಾಗ ಗೆದ್ದಂತೆ. 4-5 ಇದ್ದು ರಕ್ತ ಬಂದರೆ ಮತ್ತೊಮ್ಮೆ ಅಲ್ಟ್ರಾಸಾನಿಕ್ ಇಲ್ಲವೇ ಕೈ ಉಪಕರಣ. 6 ಅಥವಾ ಹೆಚ್ಚು ಹಾಗೇ ಉಳಿದರೆ ಒಸಡು ತೆರೆದು ಕಣ್ಣಾರೆ ನೋಡಿ ಶುಚಿ ಮಾಡುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ನಿಮ್ಮ ದವಡೆ ಹಲ್ಲಿನ ಬೇರು ಕವಲಿನಲ್ಲಿ ಪ್ರೋಬ್ ಒಳಹೊಗುತ್ತದೆಯೇ ಎಂದು ವಿಶೇಷವಾಗಿ ಕೇಳಿ. ಮೊದಲ ದವಡೆ ಹಲ್ಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕವಲುಗಳ ಬಾಯಿ 0.75 ಮಿಮೀಗಿಂತ ಕಿರಿದು, ಸಾಮಾನ್ಯ ಕ್ಯುರೆಟ್ ಅಲಗೇ ಅಷ್ಟು ಅಥವಾ ಅದಕ್ಕಿಂತ ಅಗಲ. ಅಲ್ಲಿಗೆ ತೆಳು ಅಲ್ಟ್ರಾಸಾನಿಕ್ ತುದಿಯೇ ಬೇಕು.

---

ಬೇರುಮಟ್ಟ

ತುಂಬಾ ಸ್ಪಷ್ಟವಾಯಿತು. ಮುಗಿದ ಮೇಲೆ ಮನೆಯಲ್ಲಿ ಏನು ಮಾಡಬೇಕು, ಯಾವುದು ಸಹಜ, ಯಾವುದಕ್ಕೆ ಓಡಿ ಹೋಗಬೇಕು? ಮಧುಮೇಹ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ಇರುವವರಿಗೆ ಏನಾದರೂ ಬೇರೆಯಾ?

---

ಸಂದಿಬ್ರಷ್

ಮೊದಲ ಕೆಲವು ಗಂಟೆ ತುಟಿ, ಕೆನ್ನೆ ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ, ಮರಗಟ್ಟಿರುವಾಗ ಬಿಸಿ ಕುಡಿಯಬೇಡಿ. ಉಗುಳಿನಲ್ಲಿ ಗುಲಾಬಿ ಬಣ್ಣ ಒಂದೆರಡು ದಿನ ಸಹಜ. ನೋವು ಸಾಮಾನ್ಯ ಪ್ಯಾರಸಿಟಮಾಲ್‌ಗೆ ತಗ್ಗುವಷ್ಟೇ ಇರಬೇಕು. ಜುಮ್ಮೆನ್ನುವುದು ಮೊದಲ ವಾರ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. 5% ಪೊಟ್ಯಾಸಿಯಂ ನೈಟ್ರೇಟ್ ಅಥವಾ ಸ್ಟ್ಯಾನಸ್ ಫ್ಲೋರೈಡ್ ಇರುವ ಪೇಸ್ಟ್ ದಿನಕ್ಕೆರಡು ಸಲ ಬಳಸಿ, ಉಜ್ಜಿದ ಮೇಲೆ ಉಗುಳಿ, ನೀರಿನಿಂದ ಮುಕ್ಕಳಿಸಬೇಡಿ. ಪೊಟ್ಯಾಸಿಯಂ ನೈಟ್ರೇಟ್ ಕೆಲಸ ಮಾಡೋಕೆ ಎರಡು ವಾರವಾದರೂ ಬೇಕು, ಮೂರನೇ ದಿನಕ್ಕೆ ಬಿಡಬೇಡಿ.

ಮೌತ್‌ವಾಶ್ ಬರೆದುಕೊಟ್ಟಿದ್ದರೆ 0.2% ಕ್ಲೋರ್‌ಹೆಕ್ಸಿಡಿನ್ 10 ಮಿಲೀ ಒಂದು ನಿಮಿಷ, ಅಥವಾ 0.12% 15 ಮಿಲೀ ಅರ್ಧ ನಿಮಿಷ, ದಿನಕ್ಕೆರಡು ಬಾರಿ, ಎರಡು ವಾರ. ಪೇಸ್ಟ್‌ನ ನೊರೆಕಾರಕ ಅದರ ಶಕ್ತಿ ಕುಂದಿಸುತ್ತೆ, ಹಲ್ಲುಜ್ಜಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡಿ. ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ, ನಾಲಿಗೆಗೆ ರುಚಿ ಕೆಡೋದು. ಮುಕ್ಕಳಿಸಿದ ದ್ರವ ಪಾಕೆಟ್ ತಳಕ್ಕೆ ಇಳಿಯೋದಿಲ್ಲ, ಹಾಗಾಗಿ ಅದು ಬ್ರಷ್ ಮಾಡಲಾಗದ ಕೆಲದಿನಗಳ ಊರುಗೋಲು ಅಷ್ಟೆ.

ನಿಜವಾದ ಕೆಲಸ ಸಂದಿಯದು. ಪಾಕೆಟ್ ಆಗಿದ್ದ ಸಂದಿಗಳಿಗೆ ದಾರಕ್ಕಿಂತ ಸಂದಿಬ್ರಷ್ ಮೇಲು. ಬೇರಿನ ಪಕ್ಕ ಒಳಕ್ಕೆ ತಗ್ಗಾಗಿರುತ್ತೆ, ಮೇಲಿನ ಮೊದಲ ಸಣ್ಣ ದವಡೆ ಹಲ್ಲಿನ ಮುಂಬದಿಯಲ್ಲಂತೂ ಎದ್ದು ಕಾಣುವಷ್ಟು. ಬಿಗಿಯಾಗಿ ಎಳೆದ ದಾರ ಆ ತಗ್ಗಿನ ಮೇಲೆ ಹಾದುಹೋಗುತ್ತೆ, ಬ್ರಷ್‌ನ ಎಳೆ ಒಳಗೆ ಕೂರುತ್ತೆ. ಅಳತೆ ಎಲ್ಲ ಸಂದಿಗೂ ಒಂದೇ ಅಲ್ಲ: ಎಳೆಗಳು ಸ್ವಲ್ಪ ಬಿಗಿ ಅನಿಸಬೇಕು, ನಡುವಿನ ತಂತಿ ಹಲ್ಲಿಗೆ ತಾಗಬಾರದು. ಸಾಮಾನ್ಯವಾಗಿ ಒಬ್ಬರಿಗೆ ಎರಡು ಮೂರು ಅಳತೆ ಬೇಕಾಗುತ್ತೆ. ಕೆನ್ನೆ ಕಡೆಯಿಂದ ತೂರಿಸಿ ನಾಲ್ಕೈದು ಸಲ ಹಿಂದೆಮುಂದೆ ಆಡಿಸಿ. ತಂತಿ ಬಾಗಿದರೆ ತಳ್ಳಬೇಡಿ, ಒಂದು ಅಳತೆ ಚಿಕ್ಕದು ತಗೊಳ್ಳಿ. ಒಸಡು ಇಳಿದ ಮೇಲೆ ಸಂದಿ ಹಿಗ್ಗಿರುತ್ತೆ, ಆದ್ದರಿಂದ ಮರು-ಅಳತೆಯ ದಿನ ಬ್ರಷ್ ಅಳತೆಯನ್ನೂ ಮತ್ತೆ ನೋಡಿಸಿಕೊಳ್ಳಿ. ಇದನ್ನು ಬಹಳ ಜನ ಮರೆತು ಹಳೆಯ ತೆಳು ಬ್ರಷ್ಷನ್ನೇ ವರ್ಷಗಟ್ಟಲೆ ಆಡಿಸುತ್ತಿರುತ್ತಾರೆ, ಅದು ಎರಡೂ ಬದಿ ಮುಟ್ಟೋದೇ ಇಲ್ಲ.

---

ಸಿಮೆಂಟಮ್

ಓಡಿ ಹೋಗಬೇಕಾದದ್ದು: ಎರಡು-ಮೂರು ದಿನ ಕಳೆದ ಮೇಲೆ ಹೊಸದಾಗಿ ಊತ, ಒತ್ತಿದರೆ ಕೀವು, ಹಲ್ಲು ಎತ್ತರ ಬಂದಂತೆ ಕಚ್ಚುವಾಗ ನೋವು, ಜ್ವರ. ಮೇಲ್ಭಾಗ ಶುಚಿಯಾಗಿ ಒಸಡಿನ ಬಾಯಿ ಬಿಗಿದುಕೊಂಡು, ತಳದಲ್ಲಿ ಕಿಟ್ಟ ಉಳಿದಿದ್ದರೆ ಕೀವಿಗೆ ಹೊರದಾರಿ ಇಲ್ಲದೆ ಹೀಗಾಗುತ್ತದೆ. ಮಾತ್ರೆ ನುಂಗಿ ಕೂರುವುದಲ್ಲ, ತೆರೆದು ಉಳಿದ ಕಿಟ್ಟ ತೆಗೆಸಬೇಕು.

ಮಧುಮೇಹಕ್ಕೂ ಒಸಡಿಗೂ ಎರಡು ಕಡೆಯ ನಂಟಿದೆ. ಸಕ್ಕರೆ ಹತೋಟಿ ತಪ್ಪಿದ್ದರೆ ಒಸಡು ಮಾಯುವುದು ನಿಧಾನ. ಒಸಡು ಚಿಕಿತ್ಸೆಯಾದ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ರಕ್ತಪರೀಕ್ಷೆ) ಸರಾಸರಿ 0.4 ಶೇಕಡಾ ಅಂಶದಷ್ಟು ಇಳಿಯುವುದೂ ಕಂಡುಬಂದಿದೆ. ಬೆಳಗಿನ ಹೊತ್ತು, ತಿಂಡಿ ತಿಂದು, ಮಾತ್ರೆ ಅಥವಾ ಇನ್ಸುಲಿನ್ ತಪ್ಪಿಸದೆ ಹೋಗಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ. ನಿಲ್ಲಿಸಿದ್ದರಿಂದ ಆಗುವ ಹೆಪ್ಪು ಒಸಡಿನ ರಕ್ತಸ್ರಾವಕ್ಕಿಂತ ಬಹಳ ಅಪಾಯ. ವಾರ್ಫರಿನ್ ಆದರೆ ಇತ್ತೀಚಿನ ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಎಂಬ ಪರೀಕ್ಷೆ) ವರದಿ ತೋರಿಸಿ, ಮೊದಲು ಸಣ್ಣ ಭಾಗ ಮಾಡಿಸಿ ರಕ್ತ ನಿಲ್ಲುವುದನ್ನು ನೋಡಿ ಮುಂದುವರಿಯಲಿ. ಕೃತಕ ಹೃದಯ ಕವಾಟ ಇರುವವರು, ಹಿಂದೆ ಹೃದಯದ ಒಳಪದರದ ಸೋಂಕು ಆದವರು ಮೊದಲೇ ಹೇಳಲೇಬೇಕು. ಅವರಿಗೆ ಕೆಲಸಕ್ಕೆ ಅರ್ಧದಿಂದ ಒಂದು ಗಂಟೆ ಮುಂಚೆ ಆಂಟಿಬಯೋಟಿಕ್ ಬೇಕಾಗಬಹುದು. ರಕ್ತದೊತ್ತಡಕ್ಕೆ ಅಮ್ಲೋಡಿಪಿನ್, ಮೂರ್ಛೆಗೆ ಫೆನಿಟೋಯಿನ್ ತೆಗೆದುಕೊಳ್ಳುತ್ತಿದ್ದರೂ ತಿಳಿಸಿ. ಅವು ಒಸಡನ್ನೇ ದಪ್ಪ ಮಾಡುತ್ತವೆ, ಎಷ್ಟು ಕೆರೆದರೂ ಆಳ ಇಳಿಯದಿರಲು ಅದೂ ಒಂದು ಕಾರಣ.

ಸಿಗರೇಟು ಸೇದುವವರು ಗಮನಿಸಿ, ನಿಮ್ಮ ಒಸಡಿನಲ್ಲಿ ರಕ್ತ ಬರುವುದು ಕಡಿಮೆ. ಅದು ಆರೋಗ್ಯದ ಗುರುತಲ್ಲ, ರೋಗದ ಗುರುತನ್ನು ಹೊಗೆ ಮುಚ್ಚಿಟ್ಟಿದೆ. ಪಾಕೆಟ್ ಇಳಿಯುವುದೂ ಕಡಿಮೆ.

---

ಒಸಡುಗಾವಲು

ಒಂದು ಸೇರಿಸುತ್ತೇನೆ. ಮರು-ಅಳತೆ ಚೆನ್ನಾಗಿ ಬಂದರೂ ಮೊದಲ ವರ್ಷ 3 ತಿಂಗಳಿಗೊಮ್ಮೆ ಹೋಗಿ. ಪಾಕೆಟ್‌ನಿಂದ ಚದುರಿಸಿದ ಬ್ಯಾಕ್ಟೀರಿಯಾ ಕೆಲವು ವಾರ-ತಿಂಗಳಲ್ಲಿ ಹಳೆಯ ಕೂಟ ಕಟ್ಟಿಕೊಳ್ಳುತ್ತವೆ, 6 ತಿಂಗಳು ಎಂದರೆ ಅವಕ್ಕೆ ಬೇಕಾದಷ್ಟು ಕಾಲ. ಆ ಭೇಟಿಗಳಲ್ಲಿ ಮತ್ತೆ ಇಡೀ ಬೇರು ಕೆರೆಸಬೇಕಿಲ್ಲ: ಅಳತೆ, ರಕ್ತ ಬಂದ ಜಾಗಕ್ಕಷ್ಟೇ ಹಗುರ ಅಲ್ಟ್ರಾಸಾನಿಕ್, ಸಂದಿಬ್ರಷ್ ಸರಿಯಾಗಿ ಹೋಗುತ್ತಿದೆಯೇ ಎಂಬ ಪರೀಕ್ಷೆ. ಪ್ರತಿ ಸಲವೂ ಚಾರ್ಟ್‌ನ ಪ್ರತಿ ಕೇಳಿ ಪಡೆದು ಇಟ್ಟುಕೊಳ್ಳಿ. ವೈದ್ಯರನ್ನು ಬದಲಿಸಿದರೂ ನಿಮ್ಮ 5-3-6 ಎಲ್ಲಿಂದ ಎಲ್ಲಿಗೆ ಬಂತು ಎಂದು ಹೊಸಬರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.